ಗುರುವಾರದ ತೂಕ

ಸೊಲ್ಲಾಪುರದ ದವಾಖಾನ್ಯಾಗ ನಂದು ಕುಂತು ನೋಡೋ ನೌಕರಿ. ಹಳ್ಳ್ಯಾಗ ಪೇಷಂಟ್ರು ಮನಿಯೊಳಗ ತೂಕ, ಬಿ.ಪಿ. ನೋಡಿಕೊಂಡ್ರ ಸಾಕು, ಅಂಕಿ ತಾನಾಗೇ ನನ್ನ ಕಂಪ್ಯೂಟರಕ್ಕ ಬರ್ತದ. ಮಷೀನ್ ಸುಳ್ಳು ಹೇಳಂಗಿಲ್ಲಂತ ಕಂಪನಿಯವ್ರು ಹೇಳಿ ಹೋದ್ರು. ಅವ್ರೇನು ತಡವಳ ಹಳ್ಳಿಯ ನಮ್ಮ ಪೇಷಂಟ್ ಅಜ್ಜಾನ್ನ ನೋಡ್ಯಾರೇನು?

ಅಜ್ಜಾನ ಹಾರ್ಟ್ ವೀಕ್. ಎರಡು ದಿನದಾಗ ಎರಡು ಕಿಲೋ ಏರಿದ್ರ ಮೈಯಾಗ ನೀರು ತುಂಬಾಕತ್ತೇದಂತ ತಿಳೀಬೇಕು. ಹಂಗ ತುಂಬಿ, ಉಸಿರು ಸಿಗಲಾರದ ಎರಡು ಸರ್ತಿ ಅಡ್ಮಿಟ್ ಆಗಿದ್ದ. ಮೂರನೇದ್ದು ಆಗಬಾರದಂತ ಡಾಕ್ಟರ್ ನನಗ ತಾಕೀತು ಮಾಡಿದ್ರು.

೧

ಒಂದಿನ ಐವತ್ತೆಂಟು ಕಿಲೋದ ಅಜ್ಜ ನಲವತ್ತೈದು ಆದ. ಮರು ನಿಮಿಷಕ್ಕ ನಲವತ್ತೇಳು. ಗಾಬರಿಯಾಗಿ ಫೋನ್ ಹಚ್ಚಿ, ತೂಕದ ಕಾಟಾದ ಮ್ಯಾಲ ಯಾರದಾರಂತ ಕೇಳಿದೆ. ಉಳ್ಳಾಗಡ್ಡಿ ಚೀಲ ಅಂದ. ಮಾಲು ಕೊಳ್ಳೋ ಅಡತಿ ಅಂಗಡಿ ಕಾಟಾದ ಮ್ಯಾಲ ಅವಗ ಭರೋಸಾ ಇಲ್ಲಂತ.

"ನಿಮ್ಮ ಕಾಟಾ ಖರೇ ಹೇಳ್ತದ ನೋಡವಾ. ಇನ್ನಾ ಎಂಟು ಚೀಲ ಅದಾವ, ಫೋನ್ ಇಡು."

೨

ಇನ್ನೊಂದಿನ ಒಂದ ತಾಸಿನಾಗ ಒಂಬತ್ತು ಬಿ.ಪಿ. ಬಂದ್ವು. ಒಂದು ನೂರಾಹತ್ತು, ಇನ್ನೊಂದು ನೂರಾ ಎಂಬತ್ತು. ಮನಿಗೆ ಬೀಗರು ಬಂದಿದ್ರಂತ, ಚಾ ಆದಮ್ಯಾಲ ಅಜ್ಜ ಎಲ್ಲಾರ ತೋಳಿಗೂ ಪಟ್ಟಿ ಸುತ್ಯಾನ. ನಾ ಬೈದೆ.

"ಬಂದವರನ್ನ ಬರೇ ಚಾದ ಮ್ಯಾಲ ಕಳಸಿದ್ರ ಛಂದ ಕಾಣಸ್ತದೇನವಾ?"

೩

ಈ ಶ್ರಾವಣದಾಗ ಒಂದು ಗುರುವಾರ ಮುಂಜಾನಿ ತೂಕ ಅರವತ್ತೂವರಿ ಬಂತು. ಹಿಂದಿನ ದಿನ ಐವತ್ತೆಂಟ ಇತ್ತು. ಫೋನ್ ಅಜ್ಜಿ ಎತ್ತಿದಳು. ಅಜ್ಜಾಗ ನೀರು ತುಂಬೇದ, ಈಗಿಂದೀಗ ಗಾಡಿ ಮಾಡ್ಕೊಂಡು ಕರ್ಕೊಂಡು ಬರ್ರಿ ಅಂದೆ.

ಅಜ್ಜಿ, "ಅವ್ರು ಮನ್ಯಾಗಿಲ್ಲವಾ. ಗುರುವಾರಲ್ಲಾ, ಅಕ್ಕಲಕೋಟಕ್ಕ ಸ್ವಾಮಿಗಳ ದರ್ಶನಕ್ಕ ಹೋಗ್ಯಾರ," ಅಂದಳು.

ಮತ್ತ ಕಾಟಾದ ಮ್ಯಾಲ ನಿಂತವ್ರು ಯಾರು? ಅಜ್ಜೀನ. ಕೇಳಿದ್ದಕ್ಕ ಎಲ್ಲಾ ಬಾಯಿಬಿಟ್ಟಳು. ಮೈಯಾಗಿನ ನೀರು ಇಳಸೋ ಗುಳಿಗಿ ತಗೊಂಡ್ರ ತಾಸಿಗೆ ನಾಕು ಸರ್ತಿ ಒಂದಕ್ಕ ಹೋಗಬೇಕು, ಕಂಡಕ್ಟರ್ ಎಲ್ಲೆಲ್ಲಿ ಬಸ್ ನಿಲ್ಲಸ್ತಾನ? ಅದಕ್ಕ ಪ್ರತಿ ಗುರುವಾರ ಅಜ್ಜ ಗುಳಿಗಿ ಬಿಡತಿದ್ದ. ಬಿಟ್ಟಿದ್ದು ನಮಗ ಗೊತ್ತಾಗಬಾರದಂತ, ತನ್ನಷ್ಟ ತೂಕದ ಹೆಂಡತೀನ್ನ ನಿಲ್ಲಸತಿದ್ದ.

ನನಗ ಸಿಟ್ಟು ನೆತ್ತಿಗೇರಿತು, ಜೀವಾನೂ ಹಗುರಾತು. ಡಾಕ್ಟರನ್ನ ಕೇಳಿ, ಗುರುವಾರದ ಗುಳಿಗಿ ದರ್ಶನ ಮುಗಿಸಿ ಬಂದಮ್ಯಾಲ ತಗೋಳ್ಳಿ, ತೂಕಕ್ಕ ಮಾತ್ರ ತಾನ ನಿಲ್ಲಲಿ ಅಂತ ತಿಳಿಸಿದೆ. ಅಜ್ಜಿ ಎಲ್ಲಾದಕ್ಕೂ ಹೂಂ ಅಂದಳು. ಫೋನ್ ಇಡೋವಾಗ ದನಿ ಸಣ್ಣ ಮಾಡಿದಳು.

"ಅವ್ರಿಗೆ ಎಷ್ಟರೆ ಬೈ ನನ್ನವ್ವಾ. ಆ ಎರಡೂವರಿ ಕಿಲೋ ಸುದ್ದಿ ಮಾತ್ರ ತಗೀಬ್ಯಾಡ. ಶ್ರಾವಣ ಪೂರ್ತಿ ಉಪಾಸ ಅದೀನಂತ ಮನ್ಯಾಗ ಹೇಳೀನಿ."