ಶಾಸಕರು ಸ್ವತಃ ಕೇಳಿದ ಶಬ್ದ

"ಮೇಡಂ, ನೀವೇನ್ ಇಮಾನದಾಗ ಕುಂತು ಮಾತಾಡಾಕತ್ತೀರೇನ್ರಿ?" ಎಂದು ಹುಬ್ಬಳ್ಳಿಯ ಗಿರಾಕಿಯೊಬ್ಬ ಫೋನಿನಲ್ಲಿ ಕೇಳಿದ್ದೇ ರಮಾನಾಥರ ಗ್ರಹಚಾರಕ್ಕೆ ಕಾರಣವಾಯಿತು.

ಕೇಳಿದ್ದು ರಮಾನಾಥರನ್ನಲ್ಲ, ಅವರ ಮಗಳು ಯಕ್ಷಿತಾಳನ್ನು. ವಿಮಾ ಕಂಪೆನಿಯೊಂದರ ಕನ್ನಡ ಗಿರಾಕಿಗಳಿಗೆ ಅವಳು ಮನೆಯಿಂದಲೇ ಫೋನಿನಲ್ಲಿ ಉತ್ತರ ಹೇಳುತ್ತಿದ್ದಳು. ಮನೆಯೋ, ಮುಂಬಯಿಯ ಕುರ್ಲಾ ಸ್ಟೇಷನ್ನಿನಿಂದ ಶೇರ್ ರಿಕ್ಷಾ ಹಿಡಿದು ಹೋಗಬೇಕಾದ ಬಿಲ್ಡಿಂಗಿನ ಐದನೆಯ ಮಹಡಿ. ಇಳಿಯುವ ವಿಮಾನಗಳು ಅದರ ನೆತ್ತಿಯ ಮೇಲಿಂದಲೇ ಹಾದುಹೋಗುತ್ತಿದ್ದವು. ಟೆರೇಸಿನಲ್ಲಿ ಹಪ್ಪಳ ಒಣಗಿಸುವ ಹೆಂಗಸರಿಗೆ ಯಾವ ವಿಮಾನದ ಯಾವ ಚಕ್ರ ಸವೆದಿದೆ ಎಂಬುದು ಬಾಯಿಪಾಠವಾಗಿತ್ತು. ಎರಡು ಮೂರು ನಿಮಿಷಕ್ಕೊಮ್ಮೆ ಇಡೀ ಬಿಲ್ಡಿಂಗು ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿತ್ತು. ಗಂಡ ಹೆಂಡಿರ ಜಗಳಕ್ಕೂ ಅದೇ ನಿಯಮ.

ಗಿರಾಕಿಯ ದೂರು ಕೇಳಿದ ಕಂಪೆನಿ ವಿಮಾನದ ಮಾತನ್ನು ನಂಬಲಿಲ್ಲ. ಮನೆಯಲ್ಲಿ ಮಿಕ್ಸರ್, ಟೀವಿ, ಜಗಳ ಏನೋ ನಡೆದಿರಬೇಕು ಎಂದುಕೊಂಡಿತು. ಮಂಗಳವಾರ ಬೆಳಿಗ್ಗೆ ಯಕ್ಷಿತಾಳಿಗೆ ಮೇಲ್ ಬಂತು. ಶಬ್ದ ಎಲ್ಲಿಂದ ಬರುತ್ತದೆಂದು ಜನಪ್ರತಿನಿಧಿಯ ಸಹಿ ಇರುವ ಪತ್ರ ಸಂಜೆ ಐದರೊಳಗೆ ಕಳುಹಿಸಬೇಕು, ಇಲ್ಲವಾದರೆ ನಾಳೆಯಿಂದ ಕೆಲಸಕ್ಕೆ ಬರಬೇಕಾಗಿಲ್ಲ.

"ಪಪ್ಪಾ, ಎಮ್ಮೆಲ್ಲೆ ಕಾ ಲೆಟರ್ ಬೇಕು. ಆಜ್ ಹೀ. ನನ್ನ ಜಾಬ್ ಹೋಗ್ತದೆ," ಎಂದು ಯಕ್ಷಿತಾ ಅಳುವುದೊಂದು ಬಾಕಿ.

ಬಾಂದ್ರಾದ ಹೋಟೆಲೊಂದರ ಹಣದ ಗಲ್ಲೆಯಲ್ಲಿ ಮೂವತ್ತು ವರ್ಷ ಕೂತು ನಿವೃತ್ತರಾಗಿದ್ದ ರಮಾನಾಥರ ಮನೆ ಈಗ ನಡೆಯುತ್ತಿದ್ದುದೇ ಆ ಸಂಬಳದಿಂದ. ಅವರು ಅಂಗಿ ತೊಟ್ಟು ನೇರ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಧನರಾಜನ ಬಾಗಿಲಿಗೆ ಹೋದರು.

"ಅಷ್ಟೇಯಾ ರಮಾನಾಥಣ್ಣ? ನೀವು ಪುಣ್ಯವಂತರು," ಎಂದ ಧನರಾಜ. "ಉತ್ತಮಭಾವು ಇವತ್ತೇ ಬರ್ತಾರೆ, ನಮ್ಮ ಗೇಟಿನ ಹತ್ರ ಬೆಂಚು ಉದ್ಘಾಟನೆಗೆ. ಆದ್ರೆ ಎಮ್ಮೆಲ್ಲೆ ಹತ್ರ ಬರಿಗೈಯಲ್ಲಿ ಪತ್ರ ಕೇಳ್ಲಿಕ್ಕೆ ಆಗ್ತದಾ? ಮೊದಲು ಒಂದು ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ. ಪೊಲೀಸ್ ಠಾಣೆಗೆ ಕೊಡುವ ಮೈಕಿನ ಅರ್ಜಿಯಲ್ಲಿ ಆಯೋಜಕರು ಅಂತ ನಿಮ್ಮ ಹೆಸರೇ ಹಾಕುವ. ನಿಮಗೂ ಒಂದು ಮರ್ಯಾದೆ."

ತಮ್ಮ ಹೆಸರು ಅರ್ಜಿಯಲ್ಲಿ ಬರುತ್ತದೆಂದು ರಮಾನಾಥರು ಒಳಗೊಳಗೇ ಹಿಗ್ಗಿದರು. ಮುಂಬಯಿ ಕನ್ನಡಿಗನಿಗೆ ಸನ್ಮಾನ ಮಾಡಿಸಿಕೊಳ್ಳುವ ಯೋಗವಿಲ್ಲದಿದ್ದರೆ ಮಾಡುವ ಯೋಗವಾದರೂ ಇರಬೇಕು.

ಇಲ್ಲಿ ಶಾಸಕ ಉತ್ತಮಭಾವು ಅವರ ಕಿವಿಯ ಕಥೆ ಹೇಳಬೇಕು. ಮೊದಲ ಚುನಾವಣೆಗೆ ನಿಂತಾಗ ಅವರಿಗೆ ವಿಮಾನದ ಸದ್ದು ನಮ್ಮ ನಿಮ್ಮಂತೆಯೇ ಕೇಳುತ್ತಿತ್ತು. ಎರಡೂ ಕಿವಿ ಮುಚ್ಚಿಕೊಂಡು ಭಾಷಣ ಮಾಡಿ ಮತ ಗಳಿಸಿದ್ದರು. ಆಮೇಲೆ ಗಗನದೂತ ಏರ್‌ವೇಸ್ ಎಂಬ ವಿಮಾನ ಕಂಪೆನಿ ಅವರ ಪಕ್ಷಕ್ಕೆ ಚಂದಾ ಕೊಟ್ಟಿತು. ಕಿವಿ ಸ್ವಲ್ಪ ಮಂದವಾಯಿತು. ಎರಡನೆಯ ಚುನಾವಣೆಗೆ ದೊಡ್ಡ ಚಂದಾ ಬಂತು, ಕಿವಿ ಪೂರ್ತಿ ಹೋಯಿತು. ಎದುರು ಪಕ್ಷದವನ ಕಿವಿಯೂ ಅದೇ ತಿಂಗಳು ಹೋದದ್ದನ್ನು ನೋಡಿದರೆ, ಕಂಪೆನಿ ಭೇದಭಾವ ಮಾಡುವಂಥದ್ದಲ್ಲ ಎಂದು ಒಪ್ಪಬೇಕು. ವಾರ್ಡಿನ ಬೆಂಚು, ನೀರಿನ ಟಾಕಿ, ಶವ ಸಾಗಿಸುವ ಗಾಡಿ, ಎಲ್ಲದರ ಮೇಲೂ ಗಗನದೂತದ ಹೆಸರಿತ್ತು. ನಾಚಿಕೆ ಎಂಬುದು ಮಾತ್ರ ಯಾರ ಮುಖದ ಮೇಲೂ ಇರಲಿಲ್ಲ.

ಮೈಕು ಹಾಕಲು ಕೆಳಗಿನ ಅಂಗಡಿಯ ಸಿಕಂದರ ಬಂದ. ವಿಜಯಪುರದ ಕಡೆಯವನು, ಮದುವೆ, ಉರುಸು, ಗಣಪತಿ ಎಲ್ಲಕ್ಕೂ ಸ್ಪೀಕರ್ ಬಾಡಿಗೆಗೆ ಕೊಡುತ್ತಿದ್ದ. ರಮಾನಾಥರ ಕಷ್ಟ ಕೇಳಿ ಮರುಗಿ, ಎರಡರ ಬದಲು ನಾಲ್ಕು ಸ್ಪೀಕರ್ ತಂದಿಟ್ಟ.

ಹನ್ನೊಂದೂವರೆಗೆ ಉತ್ತಮಭಾವು ಬಂದರು. ಜೊತೆಗೆ ಅವರ ಪಿಎ ನವೀನ, ಠಾಣೆಯ ಇನ್ಸ್‌ಪೆಕ್ಟರ್, ಕ್ಯಾಮರಾ ಹಿಡಿದ ನಾಲ್ವರು. ಧನರಾಜ ಸ್ವಾಗತ ಮಾಡಿದ, ಪರಿಚಯ ಮಾಡಿದ, ಪರಿಚಯಕ್ಕೊಂದು ಪೀಠಿಕೆ ಹಾಕಿದ. ಶಾಲು ಹೊದಿಸಿದ್ದಾಯಿತು, ಫೋಟೋದವನಿಗೆ ತಪ್ಪಿಹೋಯಿತೆಂದು ತೆಗೆದು ಮತ್ತೊಮ್ಮೆ ಹೊದಿಸಿದ್ದಾಯಿತು. ಅರ್ಧ ಗಂಟೆ ಹೀಗೇ ಕಳೆದ ಮೇಲೆ ರಮಾನಾಥರು ತಲೆಯೆತ್ತಿ ಆಕಾಶ ನೋಡಿದರು. ಇಷ್ಟು ಹೊತ್ತಿನಲ್ಲಿ ಒಬ್ಬರೂ ಮಾತು ಅರ್ಧಕ್ಕೆ ನಿಲ್ಲಿಸಿರಲಿಲ್ಲ.

"ಸಿಕಂದರಾ, ವಿಮಾನ ಎಲ್ಲಿ ಹೋಯ್ತು ಮಾರಾಯಾ?"

"ಇವತ್ತು ರನ್‌ವೇ ರಿಪೇರಿ ಐತಲ್ರಿ ಅಣ್ಣಾರ. ಹನ್ನೊಂದರಿಂದ ಐದರ ತನಕ ಬಂದ್. ಪೇಪರನ್ಯಾಗ ಬಂದಿತ್ತು, ನೋಡಿಲ್ಲೇನ್ರಿ?"

ಪಕ್ಕದಲ್ಲಿದ್ದ ನವೀನ ನಕ್ಕ. ಅವನೂ ಮಂಗಳೂರು ಕಡೆಯವನೇ. "ಸಾಹೇಬ್ರು ಈ ಏರಿಯಾದ ಪ್ರೋಗ್ರಾಮು ಇಟ್ಟುಕೊಳ್ಳುವುದೇ ರಿಪೇರಿ ದಿವಸ ಅಂಕಲ್. ಡೇಟು ನಮಗೆ ಗಗನದೂತ ಕಂಪೆನಿಯವರೇ ಕಳಿಸ್ತಾರೆ," ಎಂದು, ಹವಾಮಾನ ಹೇಳಿದಷ್ಟೇ ಸಹಜವಾಗಿ ಹೇಳಿಬಿಟ್ಟ.

ಅಷ್ಟರಲ್ಲಿ ಧನರಾಜ ರಮಾನಾಥರನ್ನು ಮುಂದಕ್ಕೆ ತಳ್ಳಿದ. ರಮಾನಾಥರು ಕೈ ಮುಗಿದು, ಹೋಟೆಲಿನಲ್ಲಿ ಕಲಿತ ಮರಾಠಿಯಲ್ಲಿ, ಮಗಳ ಕೆಲಸ, ಕಂಪೆನಿಯ ಮೇಲ್, ವಿಮಾನದ ಶಬ್ದ, ಸಂಜೆ ಐದು ಗಂಟೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು.

ಉತ್ತಮಭಾವು ಆಕಾಶ ನೋಡಿದರು. ಕೈಯನ್ನು ಕಿವಿಯ ಹಿಂದೆ ಇಟ್ಟು ಕ್ಯಾಮರಾದವರ ಕಡೆ ತಿರುಗಿದರು. ಎಲ್ಲೋ ಒಂದು ಕೋಗಿಲೆ ಕೂಗಿತು. ಅದಕ್ಕೂ ಗಗನದೂತದವರು ಏನಾದರೂ ಕೊಟ್ಟಿದ್ದರೋ ಏನೋ.

"ನಾನು ಇಲ್ಲಿ ಬಂದು ಮುಕ್ಕಾಲು ಗಂಟೆಯಾಯಿತು. ಕೋಗಿಲೆ ಬಿಟ್ಟರೆ ಏನೂ ಕೇಳಲಿಲ್ಲ," ಎಂದರು. "ನಾನು ಸುಳ್ಳು ಪತ್ರ ಬರೆಯುವವನಲ್ಲ. ನನ್ನ ಕಿವಿಯಿಂದ ಕೇಳಿದ್ದನ್ನು ಮಾತ್ರ ಬರೆಯುತ್ತೇನೆ."

ಜನ ಚಪ್ಪಾಳೆ ತಟ್ಟಿದರು. ಪ್ರತಿ ರಾತ್ರಿ ಕಿವಿಗೆ ಹತ್ತಿ ಇಟ್ಟು ಮಲಗುವ ಜನ! ಶಾಸಕರು ಹೇಳಿದ ಮೇಲೆ ತಮಗೂ ಶಬ್ದ ಕೇಳಿಸುತ್ತಿಲ್ಲವೇನೋ ಎಂದು ಅವರಿಗೆ ಅನುಮಾನ ಬಂದಂತಿತ್ತು.

ರಮಾನಾಥರ ಮುಖ ಹುಳ್ಳಗಾದದ್ದು ನೋಡಿ ಸಿಕಂದರನ ರಕ್ತ ಕುದಿಯಿತು. "ಅಣ್ಣಾರ, ಅವ್ರಿಗೆ ಕಿವಿಲೆ ಕೇಳ್ಬೇಕಲ್ರಿ? ಕೇಳಸೂಣು ತಡೀರಿ. ನನ್ನ ಮೊಬೈಲಿನ್ಯಾಗ ನಿನ್ನಿ ಸಂಜಿದು ರೆಕಾರ್ಡಿಂಗ್ ಐತಿ. ಹೂಂ ಅನ್ರಿ, ಬಿಡ್ತೀನಿ."

"ಬಿಡು ಮಾರಾಯಾ," ಎಂದರು ರಮಾನಾಥರು. ಮೂವತ್ತು ವರ್ಷ ಗಲ್ಲೆಯಲ್ಲಿ ಕೂತರೂ ಅವರು ಇಷ್ಟು ಧೈರ್ಯದ ಮಾತು ಆಡಿದವರಲ್ಲ.

ನಾಲ್ಕೂ ಸ್ಪೀಕರ್‌ಗಳಿಂದ ವಿಮಾನ ಬಂತು. ಬೆಂಚಿನ ರಿಬ್ಬನ್ ನಡುಗಿತು. ಪಾರಿವಾಳಗಳು ಒಟ್ಟಿಗೇ ಎದ್ದವು. ಅಭ್ಯಾಸಬಲದಿಂದ ಇಡೀ ಬಿಲ್ಡಿಂಗು ಬಾಯಿ ತೆರೆದುಕೊಂಡೇ ಸ್ತಬ್ಧವಾಯಿತು. ಉತ್ತಮಭಾವು ಮಾತ್ರ ಶಾಲು, ಪೇಟ ಸಮೇತ ಹಣ್ಣಿನ ಬುಟ್ಟಿಯ ಹಿಂದೆ ಕುಕ್ಕರಿಸಿದರು.

ಸದ್ದು ನಿಂತ ಮೇಲೆ ರಮಾನಾಥರು ಎದೆಯುಬ್ಬಿಸಿ ಹೇಳಿದರು: "ಇದೇ ಸಾಹೇಬ್ರೇ ನಮ್ಮ ಶಬ್ದ! ಈಗ ನಿಮ್ಮ ಕಿವಿಯಿಂದಲೇ ಕೇಳಿದ್ರಲ್ಲ?"

"ಕೇಳಿದೆ," ಎಂದರು ಉತ್ತಮಭಾವು ಪೇಟ ಸರಿಪಡಿಸಿಕೊಳ್ಳುತ್ತ. ಇನ್ಸ್‌ಪೆಕ್ಟರ್ ಕಡೆ ತಿರುಗಿದರು. "ಅಳೆದಿರಾ?"

ಇನ್ಸ್‌ಪೆಕ್ಟರ್ ಮೈಕಿನ ಕಾರ್ಯಕ್ರಮಕ್ಕೆಂದೇ ತಂದಿದ್ದ ಶಬ್ದ ಅಳೆಯುವ ಯಂತ್ರ ಎತ್ತಿ ತೋರಿಸಿದರು. "ತೊಂಬತ್ತೆಂಟು ಡೆಸಿಬಲ್ ಸರ್. ವಸತಿ ಪ್ರದೇಶದಲ್ಲಿ ಹಗಲು ಐವತ್ತೈದು ದಾಟುವ ಹಾಗಿಲ್ಲ. ಮೈಕಿನ ಅರ್ಜಿ ರಮಾನಾಥ ಎಂಬವರ ಹೆಸರಲ್ಲಿದೆ."

"ಅಲ್ಲ ಸ್ವಾಮೀ, ದಿನಾ ಮೇಲೆ ಹೋಗುವ ವಿಮಾನಕ್ಕೆ ಈ ಕಾನೂನು ಇಲ್ವಾ?" ರಮಾನಾಥರು ಆಕಾಶಕ್ಕೆ ಬೆರಳು ತೋರಿಸಿದರು.

"ವಿಮಾನ ನಮ್ಮ ಠಾಣೆಯ ಸರಹದ್ದಿನಲ್ಲಿ ಬರುವುದಿಲ್ಲ. ಮೇಲಿನಿಂದ ಹೋಗಿಬಿಡುತ್ತದೆ," ಎಂದರು ಇನ್ಸ್‌ಪೆಕ್ಟರ್. ಸ್ಪೀಕರ್‌ಗಳು ಪೊಲೀಸ್ ವ್ಯಾನ್ ಹತ್ತಿದವು. ಅವುಗಳ ಹಿಂದೆಯೇ ಸಿಕಂದರ, "ನಂದೇನ್ ತಪ್ಪ್ರಿ ಸಾಹೇಬ್ರ, ಇಮಾನದ ದನೀ ಅದು," ಎನ್ನುತ್ತ ಓಡಿದ.

ಧನರಾಜ ಮೆಲ್ಲಗೆ ಎರಡು ಹೆಜ್ಜೆ ಹಿಂದೆ ಸರಿದು, ತಾನು ಈ ಬಿಲ್ಡಿಂಗಿನವನೇ ಅಲ್ಲ ಎಂಬ ಮುಖ ಮಾಡಿದ.

ಆದರೆ ಉತ್ತಮಭಾವು ದೊಡ್ಡ ಮನುಷ್ಯರು. ಹೊರಡುವ ಮುಂಚೆ ರಮಾನಾಥರ ಹೆಗಲ ಮೇಲೆ ಕೈಯಿಟ್ಟರು. "ಪತ್ರ ಕೇಳಿದಿರಲ್ಲ, ಕೊಡುತ್ತೇನೆ. ನಾನು ಮಾತಿಗೆ ತಪ್ಪುವವನಲ್ಲ."

ಐದಕ್ಕೆ ಐದು ನಿಮಿಷವಿರುವಾಗ ನವೀನ ಲಕೋಟೆ ತಂದುಕೊಟ್ಟ. ಲೆಟರ್‌ಹೆಡ್, ಸಿಂಹಮುದ್ರೆ, ಸಹಿ, ಎಲ್ಲ ಸರಿಯಾಗಿತ್ತು. "ಶಬ್ದ ಉಂಟು ಅಂತ ಖುದ್ದು ಬರ್ದಿದ್ದಾರೆ ಅಂಕಲ್, ನಿಮ್ಮ ರೂಮ್ ನಂಬರು ಸಮೇತ," ಎಂದ. ರಮಾನಾಥರ ಕಣ್ಣು ತುಂಬಿ ಬಂತು. ಮಧ್ಯಾಹ್ನವಿಡೀ ಆ ಮನುಷ್ಯನನ್ನು ಬೈದದ್ದಕ್ಕೆ ಪಶ್ಚಾತ್ತಾಪವೂ ಆಯಿತು. ಯಕ್ಷಿತಾ ಗಡಿಯಾರ ನೋಡಿಕೊಂಡು ಪತ್ರದ ಫೋಟೋ ತೆಗೆದು ಕಂಪೆನಿಗೆ ಕಳಿಸಿಬಿಟ್ಟಳು. ಆಮೇಲೆ ಅದರ ಸರಕಾರಿ ಮರಾಠಿಯನ್ನು ಓದಿ ಅಪ್ಪನಿಗೆ ಅರ್ಥ ಹೇಳಲು ಕೂತಳು.

'ಸದರಿ ಬಿಲ್ಡಿಂಗಿನಲ್ಲಿ ಅಸಹನೀಯ ಶಬ್ದವಿರುವುದನ್ನು ನಾನು ಸ್ವತಃ ಕೇಳಿದ್ದೇನೆ. ಮುಕ್ಕಾಲು ಗಂಟೆ ಪರಿಶೀಲಿಸಿದರೂ ಆಕಾಶದಲ್ಲಿ ಯಾವ ಶಬ್ದವೂ ಕಂಡುಬರಲಿಲ್ಲ. ಶಬ್ದದ ಮೂಲ ರೂಮ್ ನಂಬರ್ ಐನೂರಾ ನಾಲ್ಕರ ರಮಾನಾಥ. ಇವರ ಮೇಲೆ ಪ್ರಕರಣ ದಾಖಲಾಗಿದೆ.'

ಹತ್ತು ನಿಮಿಷದಲ್ಲಿ ಕಂಪೆನಿಯಿಂದ ಉತ್ತರ ಬಂತು. ಯಕ್ಷಿತಾ ಓದಿದಳು, ಅಪ್ಪನ ಮುಖ ನೋಡಿದಳು, ಮತ್ತೆ ಓದಿದಳು.

"ಎಂಥ ಬರ್ದಿದ್ದಾರೆ? ಕೆಲಸ ಹೋಯ್ತಾ?" ಎಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ತಾಯಿ ವಿನೋದಿನಿ ಕೇಳಿದಳು.

"ಇಲ್ಲ ಅಮ್ಮಾ. ಹದಿನೈದು ದಿನ ಚಾನ್ಸ್ ಕೊಟ್ಟಿದ್ದಾರೆ. ಬಟ್ ಡ್ಯೂಟಿ ಟೈಮಲ್ಲಿ ಪಪ್ಪ ಮನೆಯಲ್ಲಿ ಇರ್ಬಾರ್ದಂತೆ. ಆಮೇಲೂ ಆವಾಜ್ ಬಂದ್ರೆ ಜಾಬ್ ಇಲ್ಲ."

"ಅಲ್ವೇ, ನಾನು ಹೊರಗೆ ಹೋದ್ರೆ ವಿಮಾನ ನಿಲ್ತದಾ?" ಎಂದು ರಮಾನಾಥರು ಹೆಂಡತಿಯ ಕಡೆ ನೋಡಿದರು.

ವಿನೋದಿನಿ ಪತ್ರವನ್ನು ತಿರುಗಿಸಿ ಮುರುಗಿಸಿ, ಸಿಂಹಮುದ್ರೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಶಾಸಕರು ಸುಳ್ಳು ಬರೀತಾರಾ?" ಎಂದಳು. "ನಾಳೆ ಬೆಳಿಗ್ಗೆ ಎಂಟಕ್ಕೇ ಹೊರಡಿ. ಬುತ್ತಿ ಕಟ್ಟಿ ಕೊಡ್ತೇನೆ."