ಎರಡು ಶಿಫ್ಟಿನ ಸಂಸಾರಕ್ಕೆ ಒಂದು ಫೋಟೋ

ಗಂಡಂಗೊಂದು ಶಿಫ್ಟು, ಹೆಂಡ್ತಿಗೊಂದು ಶಿಫ್ಟು ಇರೋ ಮನೇಲಿ ಇಂಥವು ಆಗ್ತಾನೇ ಇರ್ತವೆ ಕಣ್ರೀ, ನಾವೇನೂ ಬೇಕು ಅಂತ ಮಾಡ್ಕಂಡಿದ್ದಲ್ಲ.

ನಾನು ಓದಿರೋದು ಮೂರ್ನೇ ಕ್ಲಾಸು. ಆದ್ರೆ ಒಂದು ಕಾಲ್ದಲ್ಲಿ ಮೈಸೂರಿನ ಕಾಲು ಭಾಗ ಊರು ನನ್ ಮಾತು ಕೇಳ್ಕಂಡೇ ಏಳ್ತಿತ್ತು, ಉಣ್ತಿತ್ತು, ಮಲಗ್ತಿತ್ತು. ಸುಳ್ಳಲ್ಲ. ಬಟ್ಟೆ ಮಿಲ್ಲಿನ ಬಾಯ್ಲರ್ ಮನೇಲಿ ನಂಗೆ ಕೆಲ್ಸ. ಶಿಫ್ಟಿನ ಕೂಗು, ಅದೇ ಸೈರನ್ನು, ಹಾಕ್ತಿದ್ದೋನೂ ನಾನೇ. ಸರಪಳಿ ಹಿಡಿದು ಎಳೆದೆ ಅಂದ್ರೆ ಕೃಷ್ಣಮೂರ್ತಿಪುರಂ ದಾಟಿ ಆಚೆಗೂ ಕೇಳೋದು. ದೊಡ್ಡ ದೊಡ್ಡ ಸಾಹೇಬ್ರು ಹೇಳಿದ್ರೆ ಜನ ಕೇಳ್ತಿದ್ರೋ ಇಲ್ವೋ, ನಾನು ಎಳೆದ್ರೆ ಕೇಳೋರು.

ನಮ್ಮನೆಯೋಳು ಕುವೆಂಪುನಗರದಲ್ಲಿ ಒಂದು ನರ್ಸಿಂಗ್ ಹೋಂನಲ್ಲಿ ಆಯಾ. ಅವಳಿಗೂ ವಾರವಾರ ಶಿಫ್ಟು ಬದ್ಲಾಗೋದು, ನಂಗೂ ಬದ್ಲಾಗೋದು. ಚಾರ್ಟ್ ಬರೆಯೋ ಆ ಕಡೆಯೋನೂ ಈ ಕಡೆಯೋನೂ ಮಾತಾಡ್ಕಂಡೇ ಬರೀತಿದ್ರೇನೋ, ಒಂದ್ಸಲಾನೂ ಕೂಡಿ ಬರ್ಲಿಲ್ಲ. ನಮಗೆ ಮಕ್ಕಳಾಗ್ಲಿಲ್ಲ ಅಂತ ಡಾಕ್ಟ್ರು ಏನೇನೋ ಟೆಸ್ಟು ಬರೆದುಕೊಟ್ರು. ಎದುರುಮನೆ ರಾಯ್ರು ಅರಮನೆ ಆಫೀಸಲ್ಲಿದ್ದು ರಿಟೈರಾದೋರು, ಅವರು ಕೇಳಿ, "ಟೆಸ್ಟ್ ಆಮೇಲಾಯ್ತು, ಮೊದ್ಲು ನಿಮ್ಮಿಬ್ರ ಡ್ಯೂಟಿ ಚಾರ್ಟ್ ತೋರ್ಸಯ್ಯಾ ಆ ಡಾಕ್ಟ್ರಿಗೆ" ಅಂದ್ರು.

ಅವಳು ಬಾಯ್ಬಿಟ್ಟು ಏನೂ ಕೇಳ್ದೋಳಲ್ಲ. ಕೇಳಿದ್ದು ಒಂದೇ. ಇಬ್ರೂ ಒಟ್ಟಿಗೆ ಇರೋ ಒಂದು ಫೋಟೋ. ನಮ್ ಮದ್ವೇಲಿ ಫೋಟೋ ತೆಗೆದ ಮಹಾನುಭಾವ ಕ್ಯಾಮ್ರಾಗೆ ರೀಲು ಹಾಕೋದೇ ಮರ್ತಿದ್ದ. ಇಡೀ ದಿನ ನಮ್ನ ನಗ್ಸಿ ನಗ್ಸಿ ಖಾಲಿ ಡಬ್ಬ ಕ್ಲಿಕ್ಕಿಸಿದ್ದ. ಅದಕ್ಕೇ ಅವಳು ಒಂದು ನೀಲಿ ರೇಷ್ಮೆ ಸೀರೆ ತಕಂಡು, ಫೋಟೋಗೆ ಅಂತ ಟ್ರಂಕಲ್ಲಿ ನುಸಿಗುಳಿಗೆ ಹಾಕಿ ಎತ್ತಿಟ್ಟಿದ್ಲು.

ಬೋರಲು ಲೋಟ

ಇಬ್ರೂ ಎದ್ದಿರೋ ಹೊತ್ತಲ್ಲಿ ಮುಖ ನೋಡೋದೇ ಅಪರೂಪ, ಮಾತಾಡೋದೆಲ್ಲಿಂದ ಬಂತು. ಚೀಟಿ ಬರೆದಿಡೋಣ ಅಂದ್ರೆ ನಂಗೆ ಓದಕ್ಕೆ ಬರೋದು ಅಷ್ಟಕ್ಕಷ್ಟೆ. ಅದಕ್ಕೆ ಅಡ್ಗೆಮನೆ ಕಟ್ಟೆ ಮೇಲೆ ಲೋಟದಲ್ಲೇ ಮಾತು. ಲೋಟ ನೆಟ್ಟಗಿದ್ರೆ ಅಡ್ಗೆ ರೆಡಿ ಅದೆ, ಉಣ್ಣಿ ಅಂತ. ಬೋರಲಾಕಿದ್ರೆ ಏನೂ ಮಾಡಿಲ್ಲ, ನೀವೇ ನೋಡ್ಕಳಿ ಅಂತ. ಲೋಟದ ಮೇಲೆ ತಟ್ಟೆ ಮುಚ್ಚಿದ್ರೆ ಒಳ್ಳೇ ಮನಸಲ್ಲವ್ಳೆ ಅಂತ.

ಅವಳು ರಾತ್ರಿ ಡ್ಯೂಟಿ ಮುಗಿಸಿ ಬಂದು ಏಳೂವರೆಗೆ ತಲೆ ಇಡೋಳು. ಎಂಟಕ್ಕೆ ಜನರಲ್ ಶಿಫ್ಟಿಗೆ ನನ್ ಕೂಗು. ಧಡಕ್ಕಂತ ಎದ್ದು ಕೂರೋಳಂತೆ. ಊರಿಗೆಲ್ಲ ನನ್ ಕೂಗು ಬೇಕು, ಇವಳೊಬ್ಳಿಗೆ ಬೇಡ. ಒಂದಿನ ಸಂಜೆ ಬಂದು ನೋಡ್ತೀನಿ, ಮನೇಲಿರೋ ಎಂಟು ಲೋಟಾನೂ ಸಾಲಾಗಿ ಬೋರಲು.

ನಂಗೂ ಸಿಟ್ಟು ಬಂತು. ಚೊಂಬನ್ನೇ ಬೋರಲಾಕಿ ಹೋದೆ. ಮಾರ್ನೆ ದಿನ ಕೊಳಗ ಬೋರಲು. ಅದರ ಮಾರ್ನೆ ದಿನ ನಾನು ನೀರಿನ ಹಂಡೆ ಬೋರಲಾಕ್ದೆ. ಇಂಗೇ ಮೂರು ವಾರ ಜಗಳ ಆಯ್ತು, ಒಂದ್ ಮಾತಿಲ್ಲ, ಒಂದ್ ಸದ್ದಿಲ್ಲ. ಅಕ್ಕಪಕ್ಕದೋರು ನಮ್ನ ತೋರ್ಸಿ ಅವರವರ ಹೆಂಡ್ತಿ ಮಕ್ಕಳಿಗೆ ಬುದ್ಧಿ ಹೇಳ್ತಿದ್ರು, ಸಂಸಾರ ಅಂದ್ರೆ ಅಂಗಿರ್ಬೇಕು ಅಂತ.

ಎರಡು ಗಂಟೆ ಕೂಗು

ತೊಂಬತ್ತೆರಡೋ ಮೂರೋ ಇರ್ಬೇಕು. ಫೋಟೋ ತೆಗೆಸೇಬುಡೋಣ ಅಂತ ಕೂತೆ. ನಮ್ ಮಿಲ್ಲಿಗೆ ಮಂಗಳವಾರ ವಾರದ ರಜ. ಮನೆ ಹತ್ರ ಇದ್ದಿದ್ದು ಒಂದೇ ಸ್ಟುಡಿಯೋ, ಅವನಿಗೂ ಮಂಗಳವಾರವೇ ರಜ. ಒಂದಿನ ಬಾಗ್ಲು ತೆಗಿಯಪ್ಪಾ ಅಂದೆ. "ಯಜಮಾನ್ರೇ, ನೀವು ಮಂಗಳವಾರ ಕೂಗು ಹಾಕಿ, ನಾನು ಸ್ಟುಡಿಯೋ ತೆಗೀತೀನಿ" ಅಂದ. ಸೊಕ್ಕು ಅವನಿಗೆ.

ಸರಿ, ಒಂದು ಶುಕ್ರವಾರ ಅವಳು ಮೇಟ್ರನ್ ಕೈಕಾಲು ಹಿಡಿದು ಒಂದು ಗಂಟೆ ಪರ್ಮಿಷನ್ ತಕಂಡ್ಲು. ಒಂದೂವರೆಗೆ ಬರ್ತಾಳೆ, ಎರಡೂವರೆಗೆ ವಾಪಸ್ ವಾರ್ಡಲ್ಲಿರ್ಬೇಕು. ನನ್ ಶಿಫ್ಟ್ ಬಿಡೋದು ಎರಡಕ್ಕೆ. ಅಲ್ಲಿಂದ ಸೈಕಲ್ ತುಳಿದು ಹೋಗೋ ಹೊತ್ಗೆ ಅವಳ ಟೈಮು ಮುಗಿದಿರ್ತದೆ. ಯೋಚ್ನೆ ಮಾಡ್ದೆ. ಶಿಫ್ಟ್ ಬಿಡೋದು ಯಾವಾಗ? ಕೂಗು ಹಾಕ್ದಾಗ. ಕೂಗು ಹಾಕೋನು ಯಾರು? ನಾನು. ಒಂದೂವರೆಗೆ ಸರಪಳಿ ಹಿಡಿದು ಎಳೆದ್ಬುಟ್ಟೆ.

ಆಮೇಲೆ ಗೊತ್ತಾಯ್ತು ಏನೇನಾಯ್ತು ಅಂತ. ಮಿಲ್ಲಲ್ಲಿ ಇದ್ದೋರು ಎದ್ದು ಹೊರಟ್ರು, ಬರೋರು ಇನ್ನೂ ಮನೇಲಿ ಉಣ್ತಾ ಇದ್ರು. ಅರ್ಧ ಗಂಟೆ ಮಗ್ಗಗಳು ತಮ್ಮಷ್ಟಕ್ಕೆ ತಾವು ಓಡ್ತಾ ಇದ್ವು. ಎದುರುಮನೆ ರಾಯ್ರು ಮಧ್ಯಾಹ್ನದ ನಿದ್ದೆಗೆ ಅರ್ಧ ಗಂಟೆ ಮುಂಚೆ ಮಲಗಿ, ಅರ್ಧ ಗಂಟೆ ಮುಂಚೆ ಎದ್ದು, ಹಾಲಿನೋನು ತಡ ಮಾಡ್ದ ಅಂತ ಅವನ ಜೊತೆ ಜಗಳ ಆಡಿದ್ರು. ಯಾರೊಬ್ರೂ ಕೂಗು ತಪ್ಪು ಅನ್ನಲಿಲ್ಲ. ಎಲ್ರೂ ಕೈಗಡಿಯಾರ ತಿರುಗಿಸ್ಕಂಡ್ರು. ಅಂಥ ಮರ್ಯಾದೆ ನಂದು.

ನಾನು ಏದುಸಿರು ಬಿಡ್ತಾ ಸ್ಟುಡಿಯೋ ಮುಂದೆ ಸೈಕಲ್ ಇಳಿದೆ. ಇವಳು ನೀಲಿ ಸೀರೆ ಉಟ್ಕಂಡು, ತಲೇಲಿ ಮಲ್ಲಿಗೆ ಮುಡ್ಕಂಡು ರೋಡಲ್ಲಿ ನಿಂತವ್ಳೆ. ಸ್ಟುಡಿಯೋ ಶಟರ್ ಇಳಿದು ಬೀಗ ಬಿದ್ದದೆ.

"ಎಲ್ಲೇ ಅವನು?" ಅಂದೆ.

"ಊಟಕ್ಕೆ ಹೋದ. ನಾಲ್ಕಕ್ಕೆ ಬರ್ತಾನಂತೆ."

"ಇಷ್ಟು ಬೇಗ ಯಾಕ್ ಹೋದ?"

ಅವಳು ನನ್ ಮುಖಾನೇ ನೋಡಿದ್ಲು. "ಎರಡು ಗಂಟೆ ಕೂಗು ಕೇಳಿಸ್ತಲ್ಲ, ಅದಕ್ಕೇ ಹೋದ. ದಿನಾ ಅದ್ನ ಕೇಳೇ ಶಟರ್ ಎಳಿಯೋದಂತೆ."

ಮಿಲ್ಲಲ್ಲಿ ನನ್ನ ಒಂದು ವಾರ ಸಸ್ಪೆಂಡ್ ಮಾಡಿದ್ರು. ಒಂದು ವಾರ ಪೂರ್ತಿ ಮನೇಲಿ ಖಾಲಿ ಕೂತಿದ್ದೆ, ಇನ್ನಾದ್ರೂ ತೆಗೆಸೋಣ ಅಂತ. ಅವತ್ತು ಪರ್ಮಿಷನ್ ತಕಂಡಿದ್ಲಲ್ಲ, ಅದಕ್ಕೆ ಬದ್ಲಾಗಿ ಆ ವಾರ ಪೂರ್ತಿ ಅವಳಿಗೆ ಡಬ್ಬಲ್ ಡ್ಯೂಟಿ ಹಾಕಿದ್ರು.

ಒಂದರಿಂದ ಐದು

ಆಮೇಲೆ ಮಿಲ್ಲೇ ಮುಚ್ಚೋಯ್ತು. ಕೊನೇ ಕೂಗು ಹಾಕ್ದೋನೂ ನಾನೇ, ಅದರ ಬಗ್ಗೆ ಜಾಸ್ತಿ ಹೇಳಲ್ಲ. ಹಿನಕಲ್ ಕಡೆ ಒಂದು ಕಲ್ಯಾಣ ಮಂಟಪದಲ್ಲಿ ಕಾವಲು ಕೆಲ್ಸಕ್ಕೆ ಸೇರ್ಕಂಡೆ. ಲೋಕಕ್ಕೆಲ್ಲ ರಜ ಇರೋ ದಿನ ಅಲ್ಲಿ ಮದ್ವೆ. ಅಂದ್ರೆ ಮತ್ತೆ ಅದೇ ಕತೆ, ಅವಳಿಗೆ ರಜ ಇದ್ದಾಗ ನಂಗಿಲ್ಲ.

ಒಂದಿನ ಕಾಲೇಜ್ ಹುಡುಗಿಯೊಂದು ಫಾರಂ ಹಿಡ್ಕಂಡು ನಮ್ ಬೀದಿಗೆ ಬಂತು. ಜನಕ್ಕೆ ಅವರವರ ಕೆಲ್ಸದಲ್ಲಿ ಎಷ್ಟು ತೃಪ್ತಿ ಅದೆ ಅಂತ ಬರ್ಕಳಕ್ಕಂತೆ. ಒಂದು ಅಂದ್ರೆ ಏನೂ ಇಲ್ಲ, ಐದು ಅಂದ್ರೆ ಪೂರ್ತಿ ತೃಪ್ತಿ.

ರಾಯ್ರು ಯೋಚ್ನೇನೇ ಮಾಡ್ಲಿಲ್ಲ. "ಮೂವತ್ತೈದು ವರ್ಷ ನಾನು ಕೂತಿದ್ದು ತೇಗದ ಕುರ್ಚಿ ಕಣಮ್ಮ. ಐದು ಬರ್ಕೋ" ಅಂದ್ರು. ಪಕ್ಕದ ಮನೆ ಬಸ್ ಕಂಡಕ್ಟ್ರು ಮೂರೂವರೆ ಅಂದ. ಅರ್ಧ ಎಲ್ಲ ಇಲ್ಲ ಸಾರ್ ಅಂತು ಹುಡುಗಿ. "ಅಂಗಾದ್ರೆ ಮೂರು ಬರ್ಕೋ, ಚಿಲ್ರೆ ಇಳಿಯೋವಾಗ ಇಸ್ಕೋತೀನಿ" ಅಂದ. ನಾನು ಆರು ಬರ್ಕೋ ಅಂದೆ. ಐದರ ತನಕ ಮಾತ್ರ ಅಂತು. ಹಾಗಾದ್ರೆ ನಿಂಗೆ ಮಿಲ್ಲಿನ ವಿಚಾರ ಗೊತ್ತಿಲ್ಲ ಅಂದೆ.

ಅಷ್ಟೊತ್ಗೆ ಇವಳು ಡ್ಯೂಟಿಯಿಂದ ಬಂದ್ಲು. ಎಷ್ಟು ಗಂಟೆ ಕೆಲ್ಸ ಅಂತು ಹುಡುಗಿ. ಎಂಟು ಅಂತಾರೆ, ಹತ್ತಾಯ್ತದೆ ಅಂದ್ಲು. ಮಧ್ಯೆ ಎಷ್ಟೊತ್ತು ರೆಸ್ಟು ಅಂತು. ಆಯಾಗಳು ಕೂರಂಗಿಲ್ಲ, ಕೂತಿದ್ದು ಕಂಡ್ರೆ ಮೇಟ್ರನ್ ಬೈತಾರೆ ಅಂದ್ಲು. "ಹಾಗಾದ್ರೆ ತೃಪ್ತಿ ಎಷ್ಟು ಆಂಟಿ?"

"ನಿಂತ್ಕಂಡು ಹೇಳ್ಲಾ, ಕೂತ್ಕಂಡು ಹೇಳ್ಲಾ?"

"ಅದ್ರಲ್ಲೇನಿದೆ ವ್ಯತ್ಯಾಸ?"

"ಕೂತ್ಕಂಡ್ರೆ ಒಂದೆರಡು ಜಾಸ್ತಿ ಹೇಳ್ಬೋದು ಕಣವ್ವಾ."

ರಾಯ್ರೇ ಒಳಗಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ರು. ಇವಳು ಕೂತ್ಲು, ಯೋಚ್ನೆ ಮಾಡೋರ ತರ ಕಣ್ ಮುಚ್ಚಿದ್ಲು. ಹುಡುಗಿ ಪೆನ್ ಹಿಡ್ಕಂಡು ಕಾಯ್ತು, ಕಾಯ್ತು. ಸ್ವಲ್ಪ ಹೊತ್ತಾದ್ಮೇಲೆ ಗೊರಕೆ ಕೇಳಿಸ್ತು. ಫಾರಂನಲ್ಲಿ "ಉತ್ತರ ಕೊಡಲಿಲ್ಲ" ಅಂತ ಬರ್ಕಂಡು ಹೊರಟೋಯ್ತು.

ಯಾರದೋ ಮದ್ವೆ

ಕಲ್ಯಾಣ ಮಂಟಪದಲ್ಲಿ ಇದ್ದು ಇದ್ದು ನಂಗೊಂದು ಐಡಿಯಾ ಬಂತು. ಇಲ್ಲಿ ದಿನಾ ಫೋಟೋ ತೆಗೀತಾರೆ. ಬಂದೋರೆಲ್ಲ ಸ್ಟೇಜ್ ಹತ್ತಿ ನಿಂತ್ಕಂಡು ತೆಗೆಸ್ಕತಾರೆ. ನಾವ್ಯಾಕೆ ಹತ್ಬಾರ್ದು?

ಒಂದು ಭಾನುವಾರ ಅವಳಿಗೆ ರಜ ಬಿತ್ತು. ನೀಲಿ ಸೀರೆ ಉಟ್ಕಂಡು ಬಾ ಅಂದೆ. ನಾನು ಕಾವಲಿನ ಟೋಪಿ ತೆಗೆದಿಟ್ಟು, ಖಾಕಿ ಮೇಲೆ ಒಂದು ಶಲ್ಯ ಹೊದ್ಕಂಡೆ. ಅವತ್ತು ಫೋಟೋ ತೆಗೀತಿದ್ದೋನೂ ನಮ್ ಸ್ಟುಡಿಯೋದೋನೇ. ಅವನಿಗೆ ಕಣ್ಸನ್ನೆ ಮಾಡಿ, ಸಾಲಲ್ಲಿ ನಿಂತು ಸ್ಟೇಜ್ ಹತ್ತಿದ್ವಿ. ಗಂಡಿನ ಕಡೆಯೋರು ನಾವು ಹೆಣ್ಣಿನ ಕಡೆ ಅಂದ್ಕಂಡ್ರು. ಹೆಣ್ಣಿನ ಕಡೆಯೋರು ಗಂಡಿನ ಕಡೆ ಅಂದ್ಕಂಡ್ರು. ಗಂಡು ನನ್ ಕಾಲಿಗೂ ಬಿದ್ದ. ಬದುಕಪ್ಪಾ, ಒಂದೇ ಶಿಫ್ಟಲ್ಲಿರಿ ಇಬ್ರೂ ಅಂತ ಹರಸ್ದೆ.

ನಾನು ಇವಳ ಪಕ್ಕಕ್ಕೆ ಹೋಗಿ ನಿಲ್ಲೋಣ ಅಂತಿದ್ದೆ. ಯಾವನೋ ಬಂದು ಗಂಡಸರು ಗಂಡಿನ ಕಡೆ, ಹೆಂಗಸರು ಹೆಣ್ಣಿನ ಕಡೆ ಅಂತ ನನ್ನ ಎಳೆದು ಆ ತುದೀಲಿ ನಿಲ್ಸಿದ. ಫ್ಲಾಷ್ ಹೊಡೀತು.

ಸ್ಟುಡಿಯೋದೋನು ಪಾಪ ಒಂದು ಕಾಪಿ ಹಾಕ್ಸಿ ಕೊಟ್ಟ. ಇವಳು ಕಿಟಕಿ ಹತ್ರ ಹಿಡ್ಕಂಡು ತುಂಬ ಹೊತ್ತು ನೋಡಿದ್ಲು. "ಚೆನ್ನಾಗ್ ಬಂದದೆ. ಮಧ್ಯದಲ್ಲಿರೋರು ಯಾರು?" ಅಂದ್ಲು.

ಅಲ್ಲಾಡಬೇಡಿ

ಕೊನೇದು ಹೇಳ್ಬುಡ್ತೀನಿ. ಅವಳ ರಿಟೈರ್ಮೆಂಟಿಗೆ ಹದಿನೈದು ದಿನ ಇತ್ತು. ಸ್ಟುಡಿಯೋದೋನಿಗೆ ಹೋಗಿ ಹೇಳಿದ್ದೆ, ಒಂದನೇ ತಾರೀಕು ಬೆಳಗ್ಗೆ ಬರ್ತೀವಿ, ಶಟರ್ ಎಳೀದೆ ಇರು ಅಂತ. ಈಗ ಕೂಗೂ ಇಲ್ವಲ್ಲ ಯಜಮಾನ್ರೇ, ಎಳೆಯೋಕೆ ಅಂದಿದ್ದ.

ಒಂದು ಮಂಗಳವಾರ ಅವಳಿಗೆ ರಜ. ಬೆಳಗ್ಗೆ ಎದ್ದು ನಂಗೆ ಕಾಫಿ ಕೊಟ್ಟು, ಎದೆ ಹಿಡಿದಂಗಾಯ್ತದೆ, ಒಂದ್ ಗಳಿಗೆ ಕೂತ್ಕತೀನಿ ಅಂದ್ಲು. ಗೋಡೆಗೆ ಒರಗಿ ಕೂತ್ಲು. ಅಷ್ಟೆ. ಇಷ್ಟು ವರ್ಷ ನರ್ಸಿಂಗ್ ಹೋಂಗೆ ಒಂದಿನಾನೂ ಚಕ್ಕರ್ ಹಾಕ್ದೋಳಲ್ಲ, ರಜಾ ದಿನಾನೇ ನೋಡ್ಕಂಡು ಹೋದ್ಲು.

ನಮ್ಮಲ್ಲಿ ಹೋದೋರ್ನ ಮಲಗ್ಸಲ್ಲ, ಕೂರಿಸ್ತೀವಿ. ಮಣ್ಣಿಗಿಡೋದೂ ಕೂರಿಸೇ. ಹೆಂಗಸರು ಸ್ನಾನ ಮಾಡ್ಸಿ, ಟ್ರಂಕ್ ತೆಗೆದು ನೀಲಿ ಸೀರೆ ಉಡ್ಸಿದ್ರು. ಹಸಿರು ಬಳೆ, ಹಣೆ ತುಂಬ ವಿಭೂತಿ, ಕೊರಳಿಗೆ ಸೇವಂತಿಗೆ ಹಾರ. ರಾಯ್ರು ಯಾರನ್ನೂ ಕೇಳ್ದೆ ಅವರ ಮನೆ ತೇಗದ ಕುರ್ಚಿ ತಂದ್ರು. ರಿಟೈರ್ ಆಗೋವಾಗ ಆಫೀಸಿಂದ ಕೇಳಿ ತಂದಿದ್ದಂತೆ, ಅದ್ರಲ್ಲಿ ಬೇರೆಯೋರ್ನ ಕೂರಕ್ಕೆ ಬಿಟ್ಟೋರೇ ಅಲ್ಲ. ಅದ್ರಲ್ಲಿ ಕೂರ್ಸಿದ್ರು. ಅವಳ ಜೊತೆ ಆಯಾಗಳು ಯೂನಿಫಾರಂನಲ್ಲೇ ಓಡಿ ಬಂದ್ರು. ಮೇಟ್ರನ್ನೂ ಬಂದು ಅವಳ ಮುಂದೆ ನಿಂತ್ಕಂಡ್ರು. ಇವಳು ಕೂತೇ ಇದ್ಲು.

ಸ್ಟುಡಿಯೋದೋನಿಗೆ ಹೇಳಿ ಕಳ್ಸಿ ಅಂದೆ. ಯಾರೋ ಮಂಗಳವಾರ ಅವನು ಬರಲ್ಲ ಅಂದ್ರು. ಅರ್ಧ ಗಂಟೇಲಿ ಬಂದ, ಚಪ್ಪಲಿ ಬಾಗ್ಲಲ್ಲಿ ಬಿಟ್ಟು. ಯಾರ ಮುಖಾನೂ ನೋಡ್ದೆ ಕ್ಯಾಮ್ರಾ ಸರಿ ಮಾಡ್ಕಂಡ. ನಾನು ಅವಳ ಪಕ್ಕದಲ್ಲಿ ಸ್ಟೂಲ್ ಹಾಕ್ಕಂಡು ಕೂತೆ. ಯಾವನೂ ಬಂದು ನನ್ನ ಆಚೆಗೆ ಎಳೀಲಿಲ್ಲ.

ಅವನಿಗೆ ಬಾಯಲ್ಲಿ ಬರೋದೇ ಅದು, ದಿನಾ ಹೇಳಿ ಹೇಳಿ. "ಇಬ್ರೂ ಅಲ್ಲಾಡಬೇಡಿ" ಅಂದ್ಬುಟ್ಟ. ಅಂದ್ಮೇಲೆ ನಾಲಿಗೆ ಕಚ್ಕಂಡ.

ಮತ್ತೆ ಕ್ಯಾಮ್ರಾದೊಳಗೆ ನೋಡ್ದ. ಮೆಲ್ಲಗೆ ಹೇಳ್ದ. "ಯಜಮಾನ್ರೇ, ಅಮ್ಮೋರು ಸರಿಯಾಗೇ ಕೂತವ್ರೆ. ಅಲ್ಲಾಡ್ತಿರೋದು ನೀವು."

ಆಯಾಗಳಲ್ಲಿ ಯಾರೋ ಒಬ್ಳಿಗೆ ನಗು ತಡೆಯಕ್ಕಾಗ್ಲಿಲ್ಲ. ನಗ್ತಾ ಶುರು ಮಾಡ್ದೋಳು ಅಳ್ತಾ ಮುಗಿಸಿದ್ಲು.

ಹತ್ತು ದಿನ ಆದ್ಮೇಲೆ ಸ್ಟುಡಿಯೋದೋನೇ ಫೋಟೋ ಮನೆಗೆ ತಂದ. ಚೆನ್ನಾಗೇ ಬಂದಿತ್ತು. ಅವಳು ಕಣ್ ಮುಚ್ಕಂಡವ್ಳೆ. ಫ್ಲಾಷ್ ಬಡಿದು ನಾನೂ ಮುಚ್ಚಿಬುಟ್ಟಿದ್ದೆ. ಇಬ್ರೂ ಅಕ್ಕಪಕ್ಕ ಕೂತ್ಕಂಡು ಒಳ್ಳೇ ನಿದ್ದೆ ಹೊಡೀತಾ ಇದ್ದಂಗದೆ. ಕಟ್ಕಂಡಾಗಿಂದ ಒಬ್ರು ಮಲಗಿದ್ರೆ ಒಬ್ರು ಎದ್ದಿದ್ದೋರು ನಾವು.

ಅವನಿಗೆ ತುಂಬ ನಾಚ್ಕೆಯಾಗಿತ್ತು. "ಬೇಜಾರ್ ಮಾಡ್ಕಬೇಡಿ ಯಜಮಾನ್ರೇ, ಈಗ ಕಂಪ್ಯೂಟರ್ ಬಂದದೆ, ಕಣ್ಣು ತೆಗೆದಂಗೆ ಮಾಡ್ಕೊಡ್ತೀನಿ" ಅಂದ.

"ನಂದಾ?"

"ಅಮ್ಮೋರ್ದೂ ಮಾಡ್ಬೋದು."

"ಏನೂ ಬೇಡ" ಅಂದೆ. "ಕೂಗು ಹಾಕಿ ಹಾಕಿ ಅವಳ ನಿದ್ದೆ ಕೆಡಿಸ್ದೋನು ನಾನೊಬ್ನೇ ಸಾಕು. ನೀನು ಬೇರೆ ಎಬ್ಬಿಸ್ಬೇಡ."