ಸಂದುಹಲ್ಲಿನ ಬಾವಲಿ

ಸಂತೆಮರಹಳ್ಳಿಯ ಸುತ್ತ ನಮ್ಮ ತವರಿನ ಮಾತಿಗೆ ಮೂರು ತಲೆಮಾರಿನಿಂದ ಎದುರಾಡಿದವರಿಲ್ಲ. ಆ ಮನೆಯಿಂದ ಮೈಸೂರಿನ ಕಾನ್ವೆಂಟಿಗೆ ಹೋಗಿ ಓದಿದ ಮೊದಲ ಹೆಣ್ಣುಮಗಳು ನಾನು. "ಮೊದಲು ನೋಡು, ಆಮೇಲೆ ಹೆಸರು ಹೇಳು" ಎಂದು ಸಿಸ್ಟರ್ ಕಲಿಸಿದ್ದರು. ಹಾಗೆ ನೋಡಿ ಹೇಳಿದಾಗಲೆಲ್ಲ ಜನ ನಕ್ಕಿದ್ದಾರೆ. ಬಾವಲಿಗಳ ವಿಷಯದಲ್ಲಂತೂ ತಪ್ಪದೆ ನಕ್ಕಿದ್ದಾರೆ.

೧. ಚಾಮರಾಜನಗರದ ಆಲದ ಮರ

ಐವತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಚಾಮರಾಜನಗರಕ್ಕೆ ಬಂದೆ. ಮನೆಯೆದುರಿನ ಆಲದ ಮರದ ತುಂಬ ಬಾವಲಿಗಳು. ಹರವೆ ಹಳ್ಳಿಯಿಂದ ಮೊಸರು ತರುತ್ತಿದ್ದ ಹೆಂಗಸಿಗೆ ತಿಳಿಸಿ ಹೇಳಿದೆ: "ನಾಯಿಮೂತಿ, ದೊಡ್ಡ ಕಣ್ಣು ಇದ್ದರೆ ಹಣ್ಣು ತಿನ್ನುವ ಬಾವಲಿ. ಸಣ್ಣ ಕಣ್ಣು, ದೊಡ್ಡ ಕಿವಿ ಇದ್ದರೆ ಹುಳ ತಿನ್ನುವ ಸಣ್ಣ ಬಾವಲಿ, ಕಣ್ಣಕಪಟ."

"ತಲೆಕೆಳಗಾಗಿ ನೇತಾಡೋದ್ರ ಮಕ ಎಂಗೆ ಕಂಡ್ರಿ ಅವ್ವಾರೆ?"

"ಹೀಗೆ" ಎಂದು ಜಗಲಿಯಿಂದ ತಲೆ ಇಳಿಬಿಟ್ಟು ತೋರಿಸಿದೆ. ಅದೇ ಹೊತ್ತಿಗೆ ಮಾವನವರು ಬಂದರು. ಸ್ವಲ್ಪ ಹೊತ್ತು ನಿಂತು ನೋಡಿ, "ಕಾನ್ವೆಂಟಿನಲ್ಲಿ ಊಟಕ್ಕೂ ಹೀಗೇ ಕೂರಿಸ್ತಿದ್ರೇನಮ್ಮ?" ಎಂದರು.

೨. ಗುಂಡ್ಲುಪೇಟೆಯ ಸೀಬೆ ಮರ

ಯಜಮಾನರಿಗೆ ಗುಂಡ್ಲುಪೇಟೆಗೆ ವರ್ಗವಾಯಿತು. ಸಕ್ಕರೆ ಕಾಯಿಲೆಯೆಂದು ಡಾಕ್ಟರು ಅವರಿಗೆ ಸಿಹಿ, ಹಣ್ಣು ಎಲ್ಲ ನಿಲ್ಲಿಸಿದ್ದರು. ಅಷ್ಟರಲ್ಲಿ ಹಿತ್ತಲಿನ ಸೀಬೆ ಮರದಲ್ಲಿ ಅರ್ಧ ಕಚ್ಚಿದ ಹಣ್ಣುಗಳು ಕಾಣತೊಡಗಿದವು. "ಕೆಲಸದವಳದೇ ಕೆಲಸ, ಅವಳನ್ನು ಬಿಡಿಸಿಬಿಡಿ" ಎಂದರು ಪಕ್ಕದ ಮನೆಯವರು.

"ನಾ ಮುಟ್ಟಿಲ್ಲ ಕಣ್ರವ್ವ, ನನ್ ಮಗಿನಾಣೆ!" ಎಂದು ಅವಳು ಅತ್ತಳು.

ಭೂತಗನ್ನಡಿ ಹಿಡಿದು ಪರೀಕ್ಷಿಸಿದೆ. ಹಣ್ಣು ಕೊಂಬೆಯಲ್ಲೇ ಇತ್ತು. ಕಚ್ಚಿದ ಗುರುತಿನಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಅಗಲವಾದ ಸಂದು. ಅವಳ ಹಲ್ಲುಗಳಲ್ಲಿ ಸಂದೇ ಇಲ್ಲ. "ಇದು ಬಾವಲಿ. ಅದೂ ಅಪರೂಪದ ಸಂದುಹಲ್ಲಿನ ಜಾತಿ" ಎಂದು ತೀರ್ಪು ಕೊಟ್ಟೆ. ಅವಳ ಕೆಲಸ ಉಳಿಯಿತು.

ಎಲ್ಲರಿಗಿಂತ ಮೊದಲು ಒಪ್ಪಿದವರು ಯಜಮಾನರು. "ನಿನ್ನ ಕಣ್ಣೇ ಕಣ್ಣು ಕಣೆ!" ಎಂದರು.

೩. ಡಾಕ್ಟರು ಬಂದ ದಿನ

ಯಜಮಾನರ ಸಕ್ಕರೆ ಇಳಿಯಲೇ ಇಲ್ಲ. ಡಾಕ್ಟರು ಮನೆಗೇ ಬಂದರು. ಓದಿದವರು, ಇಂಥದರ ಬೆಲೆ ತಿಳಿದವರು ಎಂದು ಕಚ್ಚಿದ ಸೀಬೆಯೊಂದನ್ನು ತಟ್ಟೆಯಲ್ಲಿಟ್ಟು, ಸಂದುಹಲ್ಲಿನ ಬಾವಲಿಯ ಲಕ್ಷಣಗಳನ್ನೆಲ್ಲ ವಿವರಿಸಿದೆ.

ಅವರು ಹಣ್ಣನ್ನು ತಿರುಗಿಸಿ ನೋಡಿದರು. ಆಮೇಲೆ ಯಜಮಾನರನ್ನು ನೋಡಿದರು. "ಎಲ್ಲಿ ಸ್ವಾಮಿ, ಸ್ವಲ್ಪ ನಕ್ಕು ತೋರಿಸಿ."

ಯಜಮಾನರು ತುಟಿ ಬಿಗಿಹಿಡಿದರು. ಬಾಗಿಲಲ್ಲಿದ್ದ ಕೆಲಸದವಳು ಕಿಸಕ್ಕೆಂದಳು. ಯಜಮಾನರಿಗೂ ತಡೆಯಲಾಗಲಿಲ್ಲ, ನಕ್ಕೇಬಿಟ್ಟರು. ಹಣ್ಣಿನ ಮೇಲಿದ್ದ ಸಂದು ಅವರ ಬಾಯಲ್ಲೂ ಇತ್ತು.

"ಅಪರೂಪದ ಜಾತಿಯೇ ಅಮ್ಮಾ" ಎಂದರು ಡಾಕ್ಟರು. "ಇದು ಹತ್ತು ಗಂಟೆಗೆ ಕಚೇರಿಗೂ ಹೋಗುತ್ತೆ."

ಆ ಮರ ಈಗಿಲ್ಲ. ಯಜಮಾನರ ಹಲ್ಲುಗಳೂ ಇಲ್ಲ. "ನಿಮ್ಮಜ್ಜಿ ಕಂಡುಹಿಡಿದ ಬಾವಲಿ ನಾನೇ" ಎಂದು ಮೊಮ್ಮಕ್ಕಳ ಮುಂದೆ ಇನ್ನೂ ಬೊಚ್ಚುಬಾಯಲ್ಲಿ ನಗುತ್ತಾರೆ. ಕೆಲಸದವಳ ಕ್ಷಮೆಯನ್ನು ಅಂದೇ ಕೇಳಿದರು. ನನ್ನ ಕ್ಷಮೆ ಕೇಳಿಲ್ಲ. ಕೇಳಬೇಕು.